ಮಗಳಿಗೊಂದು ಪತ್ರ: ಆರ್‌ಟಿಸಿಯಲ್ಲಿ ಯಾರ ಹೆಸರುಂಟು ನೋಡು

ಪುಟ್ಟೀ,

ನೀನು ವಾಟ್ಸಾಪಲ್ಲಿ ಕಳಿಸಿದ ಸೆಮಿನಾರ್ ಪೇಪರ್ ಓದಿದೆ ಮಾರಾಯ್ತಿ, ಇಕೋಫೆಮಿನಿಸಂದು, ಅಂದ್ರೆ ಹೆಣ್ಣಿನ ಮೇಲಿನ ದಬ್ಬಾಳಿಕೆಗೂ ಪ್ರಕೃತಿಯ ಮೇಲಿನ ದಬ್ಬಾಳಿಕೆಗೂ ನಂಟು ಉಂಟು ಅನ್ನುವ ಸ್ತ್ರೀವಾದದ್ದು. ಫೋನಲ್ಲಿ ಹೇಳುವ ಅಂದ್ರೆ ಮಧ್ಯದಲ್ಲಿ "ಅಮ್ಮ ಒಂದ್ನಿಮಿಷ" ಅಂತ ಓಡ್ತಿ, ಹಾಗಾಗಿ ಬರ್ದೇ ಕಳಿಸ್ತಿದ್ದೇನೆ. ಚಂದ ಬರ್ದಿದ್ದಿ. ಆದ್ರೆ ಎರಡನೇ ಪುಟದಲ್ಲಿ ಹೆಣ್ಣು ಹುಟ್ಟಿನಿಂದಲೇ ಪ್ರಕೃತಿಗೆ ಹತ್ತಿರ, ಪೊರೆಯುದು ಅವಳ ಸ್ವಭಾವ ಅಂತ ಉಂಟಲ್ಲ, ಅದು ನನಗೆ ಗಂಟಲಲ್ಲಿ ಇಳಿಲಿಲ್ಲ. ಹೊಗಳಿಕೆ ಹಾಗೆ ಕೇಳ್ತದೆ, ಆದ್ರೆ ನಮ್ಮ ಊರಲ್ಲಿ ಹೆಂಗಸರನ್ನು ಹೀಗೆ ಹೊಗಳಿದ ಮೇಲೆ ಒಂದು ಹೆಚ್ಚಿನ ಕೆಲಸ ಹೇಳದೆ ಇದ್ದವರನ್ನು ನಾನು ಕಂಡದ್ದು ಕಡಿಮೆ.

ಅಜ್ಜಿಯನ್ನೇ ನೋಡು. ನಿನಗೆ ನೆನಪಿರುದು ಚಾವಡಿಯಲ್ಲಿ ಕೂತು ಎಲೆ ಅಡಿಕೆ ಹಾಕುವ ಅಜ್ಜಿ, ನಾನು ನೋಡಿದ್ದು ಬೇರೆ. ಬೆಳಗ್ಗೆ ಬೆಳಕು ಹರಿಯುವ ಮೊದ್ಲೇ ಗುಡ್ಡೆಗೆ ಹೋಗಿ ಸೊಪ್ಪು ತರುದು, ಅದನ್ನು ಹಟ್ಟಿಗೆ ಹಾಕುದು, ಗೊಬ್ಬರ ಗದ್ದೆಗೆ ಹೊರುದು, ಮಳೆ ಹಿಡಿದ ಕೂಡ್ಲೇ ಸೊಂಟ ಬಗ್ಗಿಸಿ ನೇಜಿ, ಅಂದ್ರೆ ಭತ್ತದ ಸಸಿ, ನೆಡುದು. ಮತ್ತೆ ಬೀಜ. ಹೀರೆ, ಬೆಂಡೆ, ಹರಿವೆ ಎಲ್ಲದರ ಬೀಜ ಬೂದಿಯಲ್ಲಿ ಕಲಸಿ ಒಣಗಿಸಿ ಇಡ್ತಿದ್ರು, ಸೌತೆಕಾಯಿಯನ್ನು ಬಾಳೆ ನಾರಿನಲ್ಲಿ ಕಟ್ಟಿ ಅಟ್ಟದ ಅಡಿಗೆ ಸಾಲಾಗಿ ತೂಗು ಹಾಕ್ತಿದ್ರು, ಯಾವ ಸೌತೆಕಾಯಿ ಪದಾರ್ಥಕ್ಕೆ ಯಾವುದು ಬೀಜಕ್ಕೆ ಅಂತ ಅವರಿಗೆ ಮಾತ್ರ ಗೊತ್ತು, ನಾವ್ಯಾರಾದ್ರೂ ತಪ್ಪಿ ಬೀಜದ್ದನ್ನು ಇಳಿಸಿದ್ರೆ ಆ ದಿನ ಮನೆಯಲ್ಲಿ ಯಾರಿಗೂ ಸುಖ ಇಲ್ಲ. ಇದೆಲ್ಲ ಅವರ ರಕ್ತದಲ್ಲಿ ಬಂದದ್ದಲ್ಲ, ಕೆಲಸ ಮಾಡಿ ಮಾಡಿ ಬಂದದ್ದು. ನಿನ್ನ ಮಾವನಿಗೆ ಆ ಕೆಲಸ ಕೊಟ್ಟಿದ್ರೆ ಅವರಿಗೂ ಬರ್ತಿತ್ತು, ಕೊಡ್ಲಿಲ್ಲ ಅಷ್ಟೆ.

ಆ ಗದ್ದೆ ನಮಗೆ ಆದದ್ದು ಡಿಕ್ಲರೇಶನಲ್ಲಿ. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂತಲ್ಲ, ಗೇಣಿಗೆ ಮಾಡ್ತಿದ್ದವರೆಲ್ಲ ಅರ್ಜಿ ಕೊಟ್ಟದ್ದು, ದಕ್ಷಿಣ ಕನ್ನಡದಲ್ಲಿ ಅದು ಒಳ್ಳೆ ನಡೀತು, ಎಷ್ಟೋ ಬಡವರ ಮನೆ ಎದ್ದು ನಿಂತದ್ದೇ ಅದರಿಂದ. ಆದ್ರೆ ಆರ್‌ಟಿಸಿ, ಅಂದ್ರೆ ಜಾಗದ ಪಹಣಿ, ತೆಗೆದು ನೋಡು, ಒಂಬತ್ತನೇ ಕಾಲಂನಲ್ಲಿ ಅಜ್ಜನ ಹೆಸರು. ಅಜ್ಜಿದ್ದು ಎಲ್ಲಿಯೂ ಇಲ್ಲ. ನಮ್ಮಲ್ಲಿಗೆ ನೇಜಿಗೆ ಬರ್ತಿದ್ದ ಹೆಂಗಸರದ್ದಂತೂ ಯಾವ ಆರ್‌ಟಿಸಿಯಲ್ಲೂ ಇಲ್ಲ, ಅವರಿಗೆ ಗೇಣಿ ಚೀಟಿಯೂ ಇರ್ಲಿಲ್ಲ, ದಿನಕ್ಕೆ ಇಷ್ಟು ಸೇರು ಅಕ್ಕಿ ಅಂತ ಲೆಕ್ಕ. ಜಾತಿ ಬಗ್ಗೆ ನಿನ್ನ ಪೇಪರಿನಲ್ಲಿ ಒಂದೇ ಸಾಲು ಉಂಟು, ಅದು ಸಾಲುದಿಲ್ಲ.

ಅಳಿಯಸಂತಾನ ಇದ್ದ ಊರಲ್ವಾ ಅಮ್ಮ, ತುಳುನಾಡಲ್ಲಿ ಹೆಂಗಸರಿಗೇ ಆಸ್ತಿ ಇತ್ತಲ್ವಾ ಅಂತ ನೀನು ಕೇಳ್ತಿ. ಇತ್ತು. ಸಂತಾನ ಹೆಣ್ಣಿನ ಕಡೆಯಿಂದ ಲೆಕ್ಕ, ಆಸ್ತಿ ಕುಟುಂಬದ್ದು, ಆದ್ರೆ ಕೀಲಿಕೈ ಹೆಚ್ಚಾಗಿ ಯಜಮಾನನ ಸೊಂಟದಲ್ಲಿ, ಅಂದ್ರೆ ಮಾವನ ಹತ್ರ. ಹಾಗಂತ ಅದು ಏನೂ ಅಲ್ಲ ಅಂತ ಹೇಳ್ಬಾರ್ದು, ಗಂಡನ ಮನೆಯಲ್ಲಿ ಸರಿಯಾಗದಿದ್ರೆ ವಾಪಸ್ ಬಂದು ಕೂರ್ಲಿಕ್ಕೆ ತರವಾಡು, ಅಂದ್ರೆ ತಾಯಿ ಕಡೆಯ ಕುಟುಂಬದ ಮನೆ ಇತ್ತು, ಅದು ಸಣ್ಣ ವಿಷಯ ಅಲ್ಲ.

ನಮ್ಮ ತುಳುನಾಡಿನ ಕೆಡ್ಡಸ ಹಬ್ಬದ ಬಗ್ಗೆ ಬರ್ದದ್ದು ನನಗೆ ಖುಷಿ ಆಯ್ತು. ಫೆಬ್ರವರಿಯಲ್ಲಿ ಮೂರು ದಿನ ಭೂಮಿ ಮುಟ್ಟಾಗಿದ್ದಾಳೆ ಅಂತ ಗದ್ದೆಗೆ ನೇಗಿಲು ಹಾಕ್ಲಿಕ್ಕಿಲ್ಲ, ನೆಲ ಅಗೀಲಿಕ್ಕಿಲ್ಲ, ಹಸಿ ಸೊಪ್ಪು ಕಡೀಲಿಕ್ಕಿಲ್ಲ, ಹುರಿದ ಅಕ್ಕಿ ಹುಡಿಗೆ ಬೆಲ್ಲ ಹಾಕಿ ನನ್ನೆರಿ ಮಾಡಿ ತಿನ್ನುದು, ಕೊನೆಗೆ ಭೂಮಿಗೆ ಎಣ್ಣೆ ಬಿಡುದು. ನಿಜವಾಗಿ ಚಂದದ ಆಚರಣೆ. ಆದ್ರೆ ನೀನು ಬಿಟ್ಟದ್ದು ಒಂದುಂಟು: ಭೂಮಿಗೆ ರಜೆ, ನಮಗೆ ಇರ್ಲಿಲ್ಲ. ನಮ್ಮ ಮುಟ್ಟಿನ ಮೂರು ದಿನ ನಾವು ಅಡುಗೆ ಕೋಣೆಗೆ ಹೋಗ್ಬಾರ್ದು, ಬಾವಿ ಮುಟ್ಬಾರ್ದು, ಗೊಬ್ಬರ ಹೊರ್ಲಿಕ್ಕೆ ಮಾತ್ರ ಏನೂ ಅಡ್ಡಿಯಿಲ್ಲ! ಭೂಮಿತಾಯಿ ಅಂತ ಕೈಮುಗಿಯುವವರು ಮನೆಯ ತಾಯಿಯನ್ನೂ ಹಾಗೇ ನೋಡ್ತಾರೆ ಅಂತ ತಿಳ್ಕೊಳ್ಬೇಡ.

ಹಿಮಾಲಯದ ಕಡೆ ಮರ ಅಪ್ಪಿಕೊಂಡು ಕಾಡು ಉಳಿಸಿದ ಚಿಪ್ಕೊ ಚಳವಳಿ ಬಗ್ಗೆ ಅಂತೂ ನೀನು ಬರೀಲೇಬೇಕು, ಬರ್ದಿದ್ದಿ. 1974ರ ಮಾರ್ಚ್ 26, ರೇಣಿ ಊರು, ಗಂಡಸರನ್ನೆಲ್ಲ ಪರಿಹಾರದ ದುಡ್ಡು ಕೊಡ್ತೇವೆ ಅಂತ ಚಮೋಲಿಗೆ ಕರೆಸಿದ ದಿನ, ಗೌರಾ ದೇವಿ ಹೆಂಗಸರನ್ನು ಕಟ್ಟಿಕೊಂಡು ಕಾಡಿಗೆ ಹೋಗಿ ಮರ ಕಡೀಲಿಕ್ಕೆ ಬಂದವರನ್ನು ತಡೆದದ್ದು. ಅದು ಎಲ್ಲರಿಗೂ ಗೊತ್ತು. ನೀನು ಅದೇ ಕಡೆಯ ಡೊಂಗ್ರಿ ಪೈಂತೋಲಿ ಊರಿನದ್ದು ಸೇರಿಸು. ಅಲ್ಲಿ ಓಕ್ ಕಾಡು ತೆಗೆದು ಆಲೂಗಡ್ಡೆ ಬೀಜದ ಫಾರ್ಮ್ ಮಾಡುವ ಅಂತ ಹೊರಟಾಗ ಊರಿನ ಗಂಡಸರೇ ಒಪ್ಪಿದ್ರು, ದುಡ್ಡು ಬರ್ತದಲ್ಲ ಅಂತ. ಹೆಂಗಸರು ಒಪ್ಲಿಲ್ಲ, ಕಾಡು ಹೋದ್ರೆ ಸೌದೆಗೆ ಇನ್ನೂ ಐದು ಕಿಲೋಮೀಟರ್ ಹೆಚ್ಚು ನಡೀಬೇಕು, ನಡೆಯುವವರು ಯಾರು? ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ 1992ರಲ್ಲಿ ಬರೆದ ಲೇಖನದಲ್ಲಿ ಇದು ಉಂಟು, ಹೆಣ್ಣಿಗೂ ಪ್ರಕೃತಿಗೂ ಹತ್ತಿರದ ನಂಟು ಅನ್ನುವ ವಂದನಾ ಶಿವ ಅವರ ವಾದಕ್ಕೆ ಅಗರ್‌ವಾಲ್ ಹೇಳುದೇ ಇದು, ಹೆಣ್ಣು ಅಂತ ಒಟ್ಟಿಗೆ ಮಾತಾಡ್ಬೇಡಿ, ಯಾವ ಹೆಣ್ಣು, ಅವಳಿಗೆ ಜಾಗ ಉಂಟಾ, ಅವಳ ಪಾಲಿನ ಕೆಲಸ ಎಂತ, ಅದು ನೋಡಿ ಅಂತ. ನಾನು ಅಗರ್‌ವಾಲ್ ಪಾರ್ಟಿ. ಹಾಗಂತ ಶಿವ ಅವರನ್ನು ಪೂರ್ತಿ ಬಿಡುದೂ ಸರಿಯಲ್ಲ, ಬೀಜ ಕಾಪಾಡುದು ಅಂದ್ರೆ ವಿದ್ಯೆ ಅಂತ ಅಷ್ಟು ಜೋರಾಗಿ ಹೇಳಿದವರು ಅವರು, ಅಜ್ಜಿಯ ಸೌತೆಕಾಯಿಗೆ ಅಷ್ಟಾದ್ರೂ ಮರ್ಯಾದೆ ಸಿಕ್ಕಿತು.

ಬೆಳಗ್ಗೆ ನಮ್ಮ ಗೇಟಿನ ಹತ್ರ ಮೀನು ತರುವ ಅಕ್ಕನ ಹತ್ರ ಮಾತಾಡಿ ನೋಡು ಬೇಕಾದ್ರೆ. ಬಂದರಿನ ಧಕ್ಕೆಗೆ ಕತ್ತಲೆಯಲ್ಲೇ ಹೋಗಿ ಏಲಂನಲ್ಲಿ ಬುಟ್ಟಿ ಹಿಡಿದು ರಿಕ್ಷಾ ಬಾಡಿಗೆ ಕೊಟ್ಟು ಬರುದು. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ರಜೆ, ಅದು ಸರಿಯೇ, ಮೀನು ಮರಿ ಮಾಡುವ ಕಾಲ. ರಾತ್ರಿ ಜೋರು ಲೈಟ್ ಹಾಕಿ ಮೀನು ಹಿಡಿಯುವ ಲೈಟ್ ಫಿಶಿಂಗ್ 2017ರಲ್ಲೇ ಬ್ಯಾನ್ ಆದದ್ದು. ಸಣ್ಣ ಸಣ್ಣ ಬೂತಾಯಿ ಮೀನು, ಮೀನಿನ ಹುಡಿ ಮಾಡುವ ಫಿಶ್ ಮೀಲ್ ಫ್ಯಾಕ್ಟರಿಗೆ ಲೋಡ್ ಲೋಡ್ ಹೋಗ್ತದೆ ಅಂತ ಅವರು ಬೈದದ್ದು ನೀನು ಕೇಳ್ಬೇಕು, ಅದನ್ನು ಇಲ್ಲಿ ಬರೀಲಿಕ್ಕೆ ಆಗುದಿಲ್ಲ. ಬೋಟಿಗೆ ಡೀಸೆಲ್ ಸಬ್ಸಿಡಿ ಉಂಟು, ನನ್ನ ರಿಕ್ಷಾಕ್ಕೆ ಯಾರು ಕೊಡ್ತಾರೆ ಅಂತ ಕೇಳ್ತಾರೆ. ಅವರಿಗೆ ಸಮುದ್ರದ ಮೇಲೆ ಪ್ರೀತಿ ಉಂಟಾ ಅಂತ ನಾನು ಕೇಳ್ಲಿಲ್ಲ, ಕೇಳಿದ್ರೆ ನಗಾಡ್ತಿದ್ರು.

ಇನ್ನೊಂದು, ಇದು ಬರೀಲಿಕ್ಕೆ ಕಷ್ಟ. ಕಾಸರಗೋಡಿನ ಗೇರು ತೋಟಗಳ ಮೇಲೆ, ನಮ್ಮ ಕೊಕ್ಕಡದ ಕಡೆಯೂ, ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟದ್ದು ನಿನಗೆ ಗೊತ್ತು. ಸುಪ್ರೀಂ ಕೋರ್ಟ್ ತಡೆದದ್ದು 2011ರ ಮೇಯಲ್ಲಿ. ಅದಕ್ಕೆ ಎಷ್ಟೋ ಮೊದಲು, 1998ರಲ್ಲಿ, ಕಾಸರಗೋಡಿನ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದುಕೊಂಡು ಕೋರ್ಟಿಗೆ ಹೋಗಿ ಸ್ಪ್ರೇಗೆ ತಡೆ ತಂದವರು, ಅವರ ಹೆಸರು ನಿನ್ನ ಪೇಪರಿನಲ್ಲಿ ಇರ್ಬೇಕು. ಈಗಲೂ ಆ ಕಡೆ ಅಂಗವೈಕಲ್ಯದಿಂದ ಮಲಗಿದಲ್ಲೇ ಇರುವ ಇಪ್ಪತ್ತೈದು ಮೂವತ್ತು ವರ್ಷದ ಮಕ್ಕಳನ್ನು ಎತ್ತಿ ಸ್ನಾನ ಮಾಡಿಸಿ ಊಟ ಕೊಡುವ ಅಮ್ಮಂದಿರಿದ್ದಾರೆ. ಮದುವೆಗೆ, ಕೋಲಕ್ಕೆ, ಎಲ್ಲಿಗೂ ಹೋಗ್ಲಿಕ್ಕೆ ಆಗುದಿಲ್ಲ, ಮಗುವನ್ನು ಬಿಟ್ಟು ಕೂಲಿಗೂ ಇಲ್ಲ. ಅವರ ಹತ್ರ ಹೋಗಿ ನಿಮ್ಮದು ಪೊರೆಯುವ ಸ್ವಭಾವ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ. ತಾಯಿಗೆ ವಯಸ್ಸಾಗ್ತದೆ, ನನ್ನ ನಂತರ ಯಾರು ಅನ್ನುದು ಅವರ ಪ್ರಶ್ನೆ, ಅದಕ್ಕೆ ಬೇಕಾದ್ದು ಪಿಂಚಣಿ, ಹತ್ತಿರದಲ್ಲೊಂದು ಪಾಲನಾ ಕೇಂದ್ರ, ಆಸ್ಪತ್ರೆಗೆ ಹೋಗ್ಲಿಕ್ಕೆ ವಾಹನ.

ಸರಿ, ಈಗ ಮನೆ ವಿಷಯ. ಅಜ್ಜಿಯೂ ಹೋದ ಮೇಲೆ ಜಾಗವನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಓಡಾಟ ಶುರುವಾಗಿದೆ, ಮಾವ ನನ್ನ ಹತ್ರ, ಚಿಕ್ಕಮ್ಮನ ಹತ್ರ ನಮ್ಮ ಪಾಲು ಬಿಟ್ಟುಕೊಡುವ ಬಿಡುಗಡೆ ಪತ್ರಕ್ಕೆ ಸೈನ್ ಕೇಳ್ತಿದ್ದಾರೆ, ನಿಮಗೆ ಎಂತಕ್ಕೆ ಜಾಗ, ಅಣ್ಣತಮ್ಮಂದಿರ ಸಂಬಂಧ ದೊಡ್ಡದಾ ಜಾಗ ದೊಡ್ಡದಾ ಅಂತ. ನಾನು ಹಾಕುದಿಲ್ಲ ಅಂದಿದ್ದೇನೆ, ಜಗಳ ಮಾಡಿ ಅಲ್ಲ, ಚಾ ಕುಡೀತಾ ಹೇಳಿದ್ದು. ಚಿಕ್ಕಮ್ಮ ಮಾತ್ರ ಅಷ್ಟಮಿ ಕಳೆದ ಮೇಲೆ ಹೋಗಿ ಹಾಕಿ ಬರ್ತೇನೆ ಅಂತ ಕೂತಿದ್ದಾಳೆ. ನಾನು ಹೇಳಿದ್ರೆ ಅಕ್ಕನಿಗೆ ಆಸೆ ಅಂತಾಳೆ, ನೀನು ಹೇಳಿದ್ರೆ ಕೇಳ್ತಾಳೆ. ಆದಿತ್ಯವಾರ ಮಧ್ಯಾಹ್ನ ಅವಳು ಫ್ರೀ ಇರ್ತಾಳೆ, ಫೋನ್ ಮಾಡು.

ನಿನ್ನ
ಅಮ್ಮ