ಶನಿವಾರದ ಭೇಟಿ: ಈ ಸಲ ಕನ್ನಡ ಸ್ಕ್ರೀನ್‌ಗಳು

ಆ್ಯಪ್, ವೆಬ್‌ಸೈಟ್ ಡಿಸೈನ್ ಮಾಡುವ ಎಲ್ಲರಿಗೂ ನಮಸ್ಕಾರ. ಈ ಶನಿವಾರ ಸಂಜೆ 4 ಗಂಟೆಗೆ ಕಬ್ಬನ್ ಪಾರ್ಕ್‌ನಲ್ಲಿ, ಕೆಂಪು ಲೈಬ್ರರಿ ಕಟ್ಟಡದ ಮುಂದೆ ಸೇರೋಣ. ಮೆಟ್ರೋದಲ್ಲಿ ಬರುವವರು ವಿಧಾನಸೌಧ ಸ್ಟೇಷನ್‌ನಲ್ಲಿ ಇಳಿದು ನಡೆದೇ ಬರಬಹುದು.

ಆ್ಯಪ್‌ಗಳಲ್ಲಿ ಕನ್ನಡ ಹೇಗೆ ಕಾಣುತ್ತದೆ ಅನ್ನೋ ಈ ಸಲದ ವಿಷಯ ಹೊಳೆದಿದ್ದು ನಮ್ಮಮ್ಮನ ಫೋನ್ ನೋಡಿ. ಒಂದು ಆ್ಯಪ್‌ನಲ್ಲಿ ದುಡ್ಡು ಕಳಿಸುವಾಗ ಅವರು ಸುಮ್ನೆ ಕೂತುಬಿಟ್ಟರು. ಬಟನ್ ಮೇಲೆ 'ರದ್ದು' ಅಂತ ಇರಬೇಕಿತ್ತು. ಸಾಲಿನ ಎತ್ತರ ಕಮ್ಮಿಯಾಗಿ ಒತ್ತಕ್ಷರ ಕತ್ತರಿಸಿ 'ರದು' ಆಗಿತ್ತು. "ಇದೇನೋ ಇದು?" ಅಂದರು. ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದ ಡಬ್ಬಿಯಲ್ಲಿ ಕನ್ನಡ ತುರುಕಿದರೆ ಹೀಗೇ ಆಗೋದು. ನಮ್ಮ ಒತ್ತುಗಳಿಗೆ ಕೆಳಗಡೆ ಜಾಗ ಬೇಕು, ಅಲ್ವಾ?

ನೀವು ಕಂಡ ಇಂಥ ಸ್ಕ್ರೀನ್‌ಶಾಟ್ ಒಂದೊಂದು ತನ್ನಿ. ಹೆಸರು, ಫೋನ್ ನಂಬರ್, ಬ್ಯಾಲೆನ್ಸ್ ಅಳಿಸಿರಲಿ. ಬಳಕೆದಾರರ ವಿಡಿಯೋ ತೋರಿಸೋದಾದರೆ ಅವರ ಒಪ್ಪಿಗೆ ಕೇಳಿಯೇ ತನ್ನಿ, ಇದರಲ್ಲಿ ರಿಯಾಯಿತಿ ಇಲ್ಲ.

ಬಳಕೆದಾರರ ಬಗ್ಗೆ ರಿಸರ್ಚ್ ಮಾಡುವವರಿಗೆ ಇನ್ನೊಂದು ಪ್ರಶ್ನೆ. ಒಂದು ಡಿಸೈನ್ ಬಳಸೋಕೆ ಸುಲಭವಾ ಅಂತ ಐದು ಜನರ ಜೊತೆ ಪರೀಕ್ಷೆ ಮಾಡಿದರೆ ಸಾಕು ಅಂತ ಈ ಕ್ಷೇತ್ರದ ತಜ್ಞ ಯಾಕೊಬ್ ನೀಲ್ಸನ್ 2000ರಲ್ಲಿ ಬರೆದರು. ಒಂದೇ ಥರದ ಬಳಕೆದಾರರಿದ್ದರೆ ಸರಿ. ಆದರೆ ಕನ್ನಡ ಮಾತ್ರ ಓದುವವರು, ಇಂಗ್ಲಿಷ್ ಮಾತ್ರ ಓದುವವರು, ಓದಲು ಬಾರದೆ ಬಣ್ಣ ನೋಡಿ ಒತ್ತುವವರು, ಇವರೆಲ್ಲ ಒಂದೇ ಗುಂಪು ಹೇಗಾಗುತ್ತಾರೆ? ಪರೀಕ್ಷೆಗೆ ಜನರನ್ನು ನೀವು ಹೇಗೆ ಆರಿಸುತ್ತೀರಿ ಅಂತ ಕೇಳುವ ಆಸೆ ನನಗೆ ತುಂಬಾ ಇದೆ.

ಹೊಸಬರೂ ಧೈರ್ಯವಾಗಿ ಬನ್ನಿ. ಪೋರ್ಟ್‌ಫೋಲಿಯೋ ತೋರಿಸಬೇಕಿದ್ದರೆ ಅರ್ಧ ಗಂಟೆ ಮುಂಚೆ ಬನ್ನಿ, ಒಟ್ಟಿಗೆ ನೋಡೋಣ. ಬರುವವರು ಗುರುವಾರದೊಳಗೆ ಇಲ್ಲೇ ಹೆಸರು ಹಾಕಿ. ಮಳೆ ಬಂದರೆ ಜಾಗ ಬದಲಾಗುತ್ತದೆ, ಮಧ್ಯಾಹ್ನ 2ಕ್ಕೆ ತಿಳಿಸುತ್ತೇನೆ.