ಅಪ್ಪನಿಗೊಂದು ಪತ್ರ, ಅಕ್ಕನ ಪರವಾಗಿ

ಕೊಲೋನ್, ಜರ್ಮನಿ
9-11-2025

ಪ್ರೀತಿಯ ಅಪ್ಪನಿಗೆ,

ಅಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಹೊಸ ಪೋಪ್ ಲಿಯೋ ವಿಚಾರಕ್ಕೆ ನೀವೂ ಅಕ್ಕನೂ ಮಾತು ಬಿಟ್ಟಿದ್ದೀರಂತೆ. ಭಾನುವಾರದ ಪೂಜೆಗೂ ಬೇರೆ ಬೇರೆ ಹೊತ್ತಿಗೆ ಹೋಗುತ್ತಿದ್ದೀರಂತೆ. ಚೆನ್ನಾಗಿದೆ ಬಿಡಿ!

ನೀವು ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ನೋಡಿದೆ. ಅಕ್ಟೋಬರ್ 25ಕ್ಕೆ ವ್ಯಾಟಿಕನ್ನಿನ ಸಂತ ಪೇತ್ರರ ದೇವಾಲಯದಲ್ಲಿ ಕಾರ್ಡಿನಲ್ ಬರ್ಕ್ ಹಳೇ ಲ್ಯಾಟಿನ್ ಪೂಜೆ ಮಾಡಿದ್ದು. ಹಿಂದಿನ ಪೋಪ್ ಫ್ರಾನ್ಸಿಸ್ 2021ರಲ್ಲಿ ಬಿಗಿ ಮಾಡಿದ್ದನ್ನು ಲಿಯೋ ಸಡಿಲ ಮಾಡಿದರು ಅಂತ ನಿಮಗೆ ಖುಷಿ. ಆದರೆ 2021ರ ಆದೇಶವನ್ನು ಅವರು ಇನ್ನೂ ತೆಗೆದಿಲ್ಲ, ಅಪ್ಪ. ಅಂದಹಾಗೆ, ಲ್ಯಾಟಿನ್ ಪೂಜೆ ಅರ್ಥವಾಗದೆ ತಾತ ಜಪಸರ ಹಿಡಿದು ಕೂತಿರುತ್ತಿದ್ದರು ಅಂತ ಹೇಳಿದ್ದು ನೀವೇ ಅಲ್ವಾ?

ಅಕ್ಕನದೂ ಆತುರವೇ. 2023ರಲ್ಲಿ ರೋಮಿನಲ್ಲಿ ನಡೆದ ಬಿಷಪ್ಪರ ಸಭೆ, ಅಂದರೆ ಸಿನೊಡ್‌ನಲ್ಲಿ ಹೆಂಗಸರು ಮೊದಲ ಸಲ ಓಟು ಹಾಕಿದರು, ಇನ್ನು ಹೆಂಗಸರು ಡೀಕನ್ (ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಪದವಿ) ಆಗೋದೊಂದೇ ಬಾಕಿ ಅಂತಾಳೆ. ಸದ್ಯಕ್ಕೆ ಆ ವಿಷಯದಲ್ಲಿ ಚರ್ಚಿನ ಬೋಧನೆ ಬದಲಿಸುವ ಇರಾದೆ ಇಲ್ಲ ಅಂತ ಲಿಯೋ ಸೆಪ್ಟೆಂಬರ್‌ನಲ್ಲೇ ಸಂದರ್ಶನದಲ್ಲಿ ಹೇಳಿದ್ದಾರೆ. ಮೇ 8ಕ್ಕೆ ಆಯ್ಕೆಯಾದವರು. ಅಷ್ಟರಲ್ಲೇ ಇಬ್ಬರೂ ಅವರನ್ನು ನಿಮ್ಮ ನಿಮ್ಮ ಕಡೆಗೆ ಎಳೆದಾಡುತ್ತಿದ್ದೀರಿ.

ಇಲ್ಲಿನ ಕಥೆ ಹೇಳುತ್ತೇನೆ. ನಮ್ಮ ಫಿಲೋಮಿನಾ ಚರ್ಚಿಗೆ ಮಾದರಿಯಾದ ದೊಡ್ಡ ದೇವಾಲಯ ನನ್ನ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಇದೆ. ನೋಡೋಕೆ ಬರುವವರೇ ಜಾಸ್ತಿ. ಇಲ್ಲಿ ಕ್ಯಾಥೊಲಿಕರು ಕಟ್ಟುವ ಆದಾಯ ತೆರಿಗೆಯ ಮೇಲೆ ಇನ್ನೂ 9% ಚರ್ಚ್ ತೆರಿಗೆ. ನನ್ನ ಸಂಬಳದಲ್ಲೂ ಹಿಡಿಯುತ್ತಾರೆ. ಬೇಡ ಅಂದರೆ ಕೋರ್ಟಿಗೆ ಹೋಗಿ, 30 ಯೂರೋ ಕಟ್ಟಿ, ಧರ್ಮಸಭೆ ಬಿಟ್ಟೆ ಅಂತ ಸಹಿ ಹಾಕಬೇಕು. 2022ರಲ್ಲಿ ಹಾಗೆ ಬಿಟ್ಟವರು 5 ಲಕ್ಷಕ್ಕೂ ಹೆಚ್ಚು. ನನ್ನ ಜೊತೆ ಕೆಲಸ ಮಾಡುವ ಒಬ್ಬರೂ ಬಿಟ್ಟರು. ಲ್ಯಾಟಿನ್, ಡೀಕನ್ ಯಾವುದೂ ಅವರ ತಲೆಯಲ್ಲಿರಲಿಲ್ಲ. ಇಲ್ಲಿನ ಪಾದ್ರಿಗಳು ಮಕ್ಕಳ ಮೇಲೆ ಮಾಡಿದ ಲೈಂಗಿಕ ದೌರ್ಜನ್ಯದ ಬಗ್ಗೆ 2018ರಲ್ಲಿ ದೊಡ್ಡ ವರದಿ ಬಂತು. 1946ರಿಂದ 2014ರವರೆಗೆ 3,677 ಮಕ್ಕಳು. "ಅಷ್ಟು ವರ್ಷ ಯಾರೂ ಲೆಕ್ಕ ಕೇಳಲಿಲ್ಲವಲ್ಲ" ಅಂದರು. ನಾನು ಏನು ಹೇಳಲಿ?

ಲೆಕ್ಕ ಅಂದಾಗ ನೆನಪಾಯಿತು. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು ಅಂತ 1983ರ ಧರ್ಮಸಭೆಯ ಕಾನೂನಿನಲ್ಲೇ ಇದೆ, 537ನೇ ನಿಯಮ. ಅದಕ್ಕೆ ಹೊಸ ಪೋಪ್ ಬೇಕಿಲ್ಲ. ಹೋದ ವರ್ಷ ಹಬ್ಬದ ಖರ್ಚು ಕೇಳಿದ್ದಕ್ಕೆ ಅಕ್ಕನಿಗೆ ನಮ್ಮ ಫಾದರ್ ಏನಂದರು ಅಂತ ನಿಮಗೂ ಗೊತ್ತು: "ನೀನು ಮಕ್ಕಳಿಗೆ ಜ್ಞಾನೋಪದೇಶ ಮಾಡಮ್ಮ, ಸಾಕು." ನೀವು ಧರ್ಮಕೇಂದ್ರದ ಕೌನ್ಸಿಲ್ ಮೆಂಬರು, ಪಕ್ಕದ ಕುರ್ಚಿಯಲ್ಲೇ ಇದ್ದಿರಿ. ಬಾಯಿ ಬಿಡಲಿಲ್ಲ. ಅವಳ ಸಿಟ್ಟು ಶುರುವಾಗಿದ್ದು ಅಲ್ಲಿಂದ, ರೋಮಿನಿಂದಲ್ಲ.

ಕ್ರಿಸ್ಮಸ್‌ಗೆ ಮುಂಚೆ ಮತ್ತೆ ಸಭೆ ಇದೆಯಂತೆ. ಅವಳು ಕೇಳೇ ಕೇಳುತ್ತಾಳೆ. ಈ ಸಲ ನೀವೂ ಎದ್ದು "ಲೆಕ್ಕ ಓದಿ ಫಾದರ್" ಅನ್ನಿ. ಲ್ಯಾಟಿನ್ ಪೂಜೆಯ ಜಗಳ ಆಮೇಲೆ ಬೇಕಾದಷ್ಟು ಆಡಬಹುದು.

ಅಮ್ಮನಿಗೆ ಮಾತ್ರೆ ತಪ್ಪಿಸಬೇಡ ಅಂತ ಹೇಳಿ. ಈ ಪತ್ರ ಅಕ್ಕನಿಗೂ ತೋರಿಸಿ, ಆತುರ ಅಂತ ಬರೆದ ಸಾಲನ್ನೂ ಸೇರಿಸಿ.

ನಿಮ್ಮ ಮಗಳು