ದಾಪುಗಾಲನನ್ನು ಪಥಿಕ ಮಾಡಬೇಡಿ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಟೋಲ್ಕೀನ್ ಅವರ ‘ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯಲ್ಲಿ ವೇಷ ಮರೆಸಿ ಅಲೆದು ಕೊನೆಗೆ ರಾಜನಾಗುವ ಅರಗೊರ್ನ್‌ನ ಹೆಸರುಗಳ ಬಗ್ಗೆ ಬಂದ ಬರಹ ಓದಿದೆವು. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆಯಲ್ಲಿ ಅರ್ಧ ಪುಟ ಸಿಕ್ಕಿದ್ದೇ ಖುಷಿ. ಆದರೆ ಇದ್ದಬದ್ದ ಹೆಸರುಗಳನ್ನೆಲ್ಲ ಒಂದೇ ಗೋಣಿಗೆ ತುಂಬಿ ‘ಬಿರುದುಗಳು’ ಅಂತ ಚೀಟಿ ಅಂಟಿಸಿದ್ದು ಸರಿಯಾಗಲಿಲ್ಲ. ಅದರಲ್ಲಿ ಹುಟ್ಟುಹೆಸರು, ಮುಚ್ಚಿಡಲು ಕೊಟ್ಟ ಹೆಸರು, ಅಡ್ಡಹೆಸರು, ಕುಲದ ಹೆಸರು, ಪಟ್ಟದ ಹೆಸರು ಎಲ್ಲವೂ ಇವೆ. ಬಿರುದು ಅನ್ನಬಹುದಾದ್ದು ಒಂದೆರಡು ಮಾತ್ರ.

ಮೊದಲು ‘ಸ್ಟ್ರೈಡರ್’. ನಿಮ್ಮ ಲೇಖಕರು ಇದನ್ನು ‘ಪಥಿಕ’ ಮಾಡಿದ್ದಾರೆ. ಪಥಿಕ ಗೌರವದ ಮಾತು, ಭಾವಗೀತೆಯಲ್ಲಿ ಬರುವಂಥದ್ದು. ಬ್ರೀ ಎಂಬ ಊರಿನವರು ಆ ಹೆಸರಿಟ್ಟದ್ದು ಗೌರವಕ್ಕಲ್ಲ. ಎಲ್ಲಿಂದ ಬರುತ್ತಾನೋ ಎಲ್ಲಿಗೆ ಹೋಗುತ್ತಾನೋ ಗೊತ್ತಿಲ್ಲ, ಉದ್ದ ಕಾಲು ಬೀಸಿ ನಡೆಯುತ್ತಾನೆ, ಅಷ್ಟೇ. ಅದೇ ಊರಿನ ಒಬ್ಬ ಪುಂಡ ಅವನನ್ನು ಕಾಲಿನ ಉದ್ದಕ್ಕೇ ಹಂಗಿಸುತ್ತಾನೆ. ಇಲ್ಲಿಗೆ ಬೇಕಾದ್ದು ‘ದಾಪುಗಾಲ’, ಆ ಪುಂಡನ ಬಾಯಿಗೆ ‘ಕೊಕ್ಕರೆಕಾಲ’. ಹಾಗೆ ಮಾಡಿದರೆ ಮುಂದಿನದ್ದು ತಾನಾಗಿ ಕೂಡಿಬರುತ್ತದೆ. ರೊಹನ್ ರಾಜ್ಯದ ಎಓಮೆರ್, ಅರಗೊರ್ನ್ ಮತ್ತು ಅವನ ಇಬ್ಬರು ಜೊತೆಗಾರರು ನಾಲ್ಕನೇ ದಿನ ಮುಗಿಯುವುದರೊಳಗೆ 45 ಲೀಗ್ ಕ್ರಮಿಸಿದ್ದು ಕೇಳಿ ಬೆರಗಾಗಿ, ನಿನಗೆ ಸ್ಟ್ರೈಡರ್ ಎಂಬ ಹೆಸರು ಸಾಲದು ಎಂದು ‘ವಿಂಗ್‌ಫುಟ್’ ಅನ್ನುತ್ತಾನೆ. ಲೀಗಿಗೆ ಮೂರು ಮೈಲಿಯಂತೆ 135 ಮೈಲಿ, ಸುಮಾರು 217 ಕಿ.ಮೀ.; ಮಂಗಳೂರಿನಿಂದ ಉಡುಪಿಗೆ ಎರಡು ಸಲ ನಡೆದು ಹೋಗಿ ಬಂದಷ್ಟು. ದಾಪುಗಾಲ ಇಲ್ಲಿ ‘ರೆಕ್ಕೆಗಾಲ’ ಆಗುತ್ತಾನೆ. ‘ಪಥಿಕ’ನಿಗೆ ರೆಕ್ಕೆ ಹಚ್ಚಲು ಜಾಗವೇ ಇಲ್ಲ.

ಇನ್ನೂ ದೊಡ್ಡ ನಷ್ಟ ‘ಟೆಲ್ಕೊಂಟರ್’ ಬರುವಲ್ಲಿ. ಕಥೆಯ ಎಲ್ಫ್ ಎಂಬ ಜನಾಂಗದ ಹಳೆಯ ಭಾಷೆಯಾದ ಕ್ವೆನ್ಯದಲ್ಲಿ ಅದು ಸ್ಟ್ರೈಡರ್ ಎಂಬುದರ ರೂಪ. ದೊಡ್ಡ ಕಾಳಗವೊಂದು ಮುಗಿದ ಮೇಲೆ ಜೊತೆಗಾರ ಪಿಪ್ಪಿನ್ ಅರಗೊರ್ನ್‌ನನ್ನು ದೊಡ್ಡವರೆದುರೇ ಹಳೆಯ ಅಡ್ಡಹೆಸರಿನಿಂದ ಕರೆಯುತ್ತಾನೆ. ರಾಜನನ್ನು ಹೀಗಾ ಕರೆಯುವುದು ಎಂದು ಪಕ್ಕದಲ್ಲಿದ್ದ ರಾಜಕುಮಾರ ಇಮ್ರಹಿಲ್‌ಗೆ ಇರುಸುಮುರುಸು. ಇವನೋ ಅದೇ ತನ್ನ ಮನೆತನದ ಹೆಸರಾಗಲಿ, ಹಳೆಯ ಭಾಷೆಯಲ್ಲಿ ಅಷ್ಟೇನೂ ಕೆಟ್ಟದಾಗಿ ಕೇಳದು ಅನ್ನುತ್ತಾನೆ. ಚಾವಡಿಯ ಹೊರಗಿನ ಬೈಗುಳ ಸಿಂಹಾಸನಕ್ಕೆ ಏರುವ ಜಾಗ ಇದು. ಕನ್ನಡದಲ್ಲಿ ಕೆಳಗಿನ ಹೆಸರು ಅಚ್ಚಗನ್ನಡದಲ್ಲೇ ಇದ್ದರೆ ಮಾತ್ರ ಈ ಏರಿಕೆ ಕಾಣುತ್ತದೆ. ಹಾಗಾದರೆ ಟೆಲ್ಕೊಂಟರ್‌ಗೆ ಸಂಸ್ಕೃತ ಹಾಕೋಣವೇ? ‘ಉರುಕ್ರಮ’ ಅರ್ಥದಲ್ಲಿ ಅಳತೆ ತೆಗೆದು ಹೊಲಿದ ಹಾಗಿದೆ. ಆದರೆ ‘ಶಂ ನೋ ವಿಷ್ಣುರುರುಕ್ರಮಃ’ ಕೇಳಿ ಬೆಳೆದ ಉಡುಪಿಯ ಓದುಗನಿಗೆ ಕಾಣುವುದು ವಾಮನ, ಅರಗೊರ್ನ್ ಅಲ್ಲ. ಬೇಡ.

ಟೋಲ್ಕೀನ್ ಅನುವಾದಕರಿಗೆಂದೇ ಹೆಸರುಗಳ ಟಿಪ್ಪಣಿಯೊಂದನ್ನು ಬರೆದಿಟ್ಟಿದ್ದರು. ಅದು 1975ರಲ್ಲಿ ಅಚ್ಚಾಯಿತು. ಸೂತ್ರ ಸರಳ: ಇಂಗ್ಲಿಷ್‌ನಲ್ಲಿರುವ ಹೆಸರನ್ನು ಅರ್ಥ ನೋಡಿ ನಿಮ್ಮ ಭಾಷೆಗೆ ತನ್ನಿ, ಎಲ್ಫ್ ಭಾಷೆಗಳ ಹೆಸರನ್ನು ಮುಟ್ಟಬೇಡಿ. ಡಚ್ಚರು ಸ್ಟ್ರೈಡರನ್ನು ‘ಸ್ತಪ್ಪರ್’ ಮಾಡಿಕೊಂಡದ್ದು ಇದೇ ದಾರಿಯಲ್ಲಿ. ನಿಮ್ಮ ಬರಹದಲ್ಲಿ ಆದದ್ದು ತಲೆಕೆಳಗು: ಸ್ಟ್ರೈಡರ್‌ಗೆ ಸಂಸ್ಕೃತದ ಶಾಲು, ‘ಥೊರೊನ್‌ಗಿಲ್’ಗೆ ‘ಗರುಡತಾರೆ’. ಗರುಡತಾರೆ ಅಂದರೆ ಪಂಚಾಂಗದ ನಕ್ಷತ್ರವೋ ಅನಿಸುತ್ತದೆ. ಥೊರೊನ್ ಎಂದರೆ ಹದ್ದು, ಗಿಲ್ ಎಂದರೆ ನಕ್ಷತ್ರ. ಮೇಲಂಗಿಯಲ್ಲಿ ಬೆಳ್ಳಿಯ ನಕ್ಷತ್ರ ಧರಿಸುತ್ತಿದ್ದ ಕಾರಣ ಬಂದ ಹೆಸರು. ಕಥೆಯ ಕಾಲಗಣನೆಯಂತೆ ಮೂರನೇ ಯುಗದ 2957ರಿಂದ 2980ರವರೆಗೆ ರೊಹನ್‌ನ ಥೆಂಗೆಲ್ ಮತ್ತು ಗೊಂಡೊರ್‌ನ ಎಕ್ಥೆಲಿಯನ್ ಬಳಿ ಅರಗೊರ್ನ್ ವೇಷ ಮರೆಸಿ ದುಡಿದಾಗಿನದ್ದು. ಬರಹದಲ್ಲಿ ಥೊರೊನ್‌ಗಿಲ್ ಬೇರೆಯೇ ಒಬ್ಬ ಸೇನಾಪತಿ ಆಗಿಬಿಟ್ಟಿದ್ದಾನೆ. ಅರಗೊರ್ನ್‌ನ ಪಟ್ಟಾಭಿಷೇಕ ಬರಹದಲ್ಲಿರುವಂತೆ 3019ರ ಮಾರ್ಚ್ 25ರಂದಲ್ಲ, ಮೇ 1ರಂದು. ಮಾರ್ಚ್ 25 ಉಂಗುರ ನಾಶವಾದ ದಿನ.

ಅಕ್ಷರದ ವಿಷಯ. ಟೋಲ್ಕೀನ್‌ರ ಎಲ್ಫ್ ಭಾಷೆಗಳಲ್ಲಿ ‘ಸಿ’ ಅಕ್ಷರ ಯಾವಾಗಲೂ ಕಕಾರವೇ. ‘ಸೆಲೆಬಾರ್ನ್’ ತಪ್ಪು, ‘ಕೆಲೆಬೊರ್ನ್’ ಸರಿ. ಎ–ಏ, ಒ–ಓ ಬೇರೆಬೇರೆ ಇರುವ ಲಿಪಿ ನಮ್ಮದು. ಸ್ವರದ ಮೇಲೆ ಗೆರೆಯಿದ್ದರೆ ಮಾತ್ರ ದೀರ್ಘ ಹಾಕಿದರೆ ಸಾಕು. ಹೀಗೆ ‘ಡೂನಡನ್’, ‘ಎಲೆಸ್ಸರ್’. ‘ಗಾಂಡಾರ್’ ಅಂತ ಅಚ್ಚಾದರೆ ಶಕುನಿಯ ಊರು ನೆನಪಾಗುತ್ತದೆ. ಇನ್ನು, ಅರಗೊರ್ನ್‌ನ ಕುಲದ ಹೆಸರಾದ ಡೂನಡನ್‌ನ ಬಹುವಚನವೇ ‘ಡೂನೆಡಯ್ನ್’. ಅದಕ್ಕೆ ಮತ್ತೆ ‘ಗಳು’ ಬೇಡ.

ಕರಡು ತಿದ್ದುವವರಿಗೂ ಒಂದು ಮಾತು. ‘ಏಕರೂಪತೆಗಾಗಿ’ ಎಲ್ಲೆಡೆ ಅರಗೊರ್ನ್ ಅಂತಲೇ ತಿದ್ದಿದಂತಿದೆ. ಬೇರೆ ಯಾವ ತಪ್ಪಿಗಿಂತ ಇದು ಕೆಟ್ಟದ್ದು. ವಿರಾಟಪರ್ವದ ತಾಳಮದ್ದಳೆಯಲ್ಲಿ ಬನ್ನಿಮರದ ಬುಡ ತಲುಪುವ ಮೊದಲೇ ಉತ್ತರನ ಅರ್ಥಧಾರಿ ಬೃಹನ್ನಳೆಯನ್ನು ‘ಪಾರ್ಥ’ ಎಂದರೆ ಏನಾಗುತ್ತದೆ? ಸಭೆ ನಗುತ್ತದೆ. ಫಲ್ಗುಣ, ಕಿರೀಟಿ, ಶ್ವೇತವಾಹನ, ಸವ್ಯಸಾಚಿ ಎಂದು ಹತ್ತು ಹೆಸರಿಗೂ ಕಾರಣ ಹೇಳಿಸಿಕೊಂಡ ಮೇಲೆಯೇ ಉತ್ತರನಿಗೆ ನಂಬಿಕೆ. ಅಜ್ಞಾತವಾಸದಲ್ಲಿ ಪಾಂಡವರು ತಮ್ಮೊಳಗೆ ಕರೆಯಲು ಗುಟ್ಟಿನ ಹೆಸರುಗಳನ್ನೂ ಇಟ್ಟುಕೊಂಡಿದ್ದರು, ಅರ್ಜುನನದು ವಿಜಯ. ಯಾವ ಹೆಸರು ಯಾರ ಬಾಯಿಗೆ, ಯಾವ ಹೊತ್ತಿಗೆ ಎಂಬ ಲೆಕ್ಕ ಅರಗೊರ್ನ್‌ಗೂ ಅಷ್ಟೇ ಬಿಗಿ. ಹಳೆಯ ಗೆಳೆಯ ಬಿಲ್ಬೋಗೆ ಅವನು ಡೂನಡನ್, ಪಿಪ್ಪಿನ್‌ಗೆ ಕೊನೆಗೂ ಸ್ಟ್ರೈಡರ್. ಎಲ್ಫ್ ರಾಣಿ ಗಲಡ್ರಿಯೆಲ್ ಹಸಿರು ಮಣಿ ಕೊಡುವಾಗ ‘ಎಲೆಸ್ಸರ್’ ಎಂಬ ಹೆಸರನ್ನೂ ಹೇಳುತ್ತಾಳೆ. ಅದು ರಾಜ್ಯಕ್ಕೆಲ್ಲ ಸಲ್ಲುವುದು ಪಟ್ಟ ಏರಿದ ಮೇಲೆ.

‘ಎಸ್ಟೆಲ್’ ಮಾತ್ರ ನಿಜಕ್ಕೂ ಕಷ್ಟ. ತಂದೆ ಸತ್ತಾಗ ಮಗು ಅರಗೊರ್ನ್‌ಗೆ ಎರಡು ವರ್ಷ. ಶತ್ರುವಿಗೆ ತಿಳಿಯದಿರಲೆಂದು ಎಲ್ಫ್ ನಾಯಕ ಎಲ್ರೊಂಡ್‌ನ ಮನೆಯಲ್ಲಿ ಇಟ್ಟ ಹೆಸರದು, ಅರ್ಥ ಭರವಸೆ. ಇಪ್ಪತ್ತು ತುಂಬುವವರೆಗೆ ಹುಡುಗನಿಗೂ ನಿಜನಾಮ ಗೊತ್ತಿಲ್ಲ. ತಾಯಿ ಗಿಲ್ರಯೆನ್ ಕೊನೆಯ ಭೇಟಿಯಲ್ಲಿ, ಜನಕ್ಕೆ ಎಸ್ಟೆಲನ್ನು ಕೊಟ್ಟೆ, ನನಗಾಗಿ ಎಸ್ಟೆಲ್ ಉಳಿಸಿಕೊಳ್ಳಲಿಲ್ಲ ಎಂಬರ್ಥದ ಸಾಲು ಹೇಳುತ್ತಾಳೆ. ಮೊದಲನೆಯದು ಮಗ, ಎರಡನೆಯದು ಭರವಸೆ. ಇಂಗ್ಲಿಷ್ ಮುದ್ರಣ ಇದನ್ನು ದೊಡ್ಡಕ್ಷರ–ಸಣ್ಣಕ್ಷರದಲ್ಲಿ ತೋರಿಸುತ್ತದೆ. ನಮ್ಮ ಲಿಪಿಯಲ್ಲಿ ಆ ಸೌಕರ್ಯ ಇಲ್ಲ. ‘ಮಗನನ್ನು ಕೊಟ್ಟೆ, ಭರವಸೆ ಉಳಿಸಿಕೊಳ್ಳಲಿಲ್ಲ’ ಎಂದು ಬಿಡಿಸಿ ಬರೆದರೆ ಅರ್ಥ ಬಂತು, ಸಾಲು ಸತ್ತಿತು. ಮಗುವಿಗೆ ಹೆಸರಿಡುವಲ್ಲೇ ‘ಎಸ್ಟೆಲ್, ಅಂದರೆ ಭರವಸೆ’ ಎಂದು ಒಮ್ಮೆ ಬರೆದುಬಿಟ್ಟು, ತಾಯಿಯ ಮಾತಿನಲ್ಲಿ ಎರಡೂ ಕಡೆ ‘ಎಸ್ಟೆಲ್’ ಅಂತಲೇ ಬಿಡುವುದು ನಮಗೆ ತೋಚಿದ ಉಪಾಯ. ಇದಕ್ಕಿಂತ ಒಳ್ಳೆಯದು ಓದುಗರಲ್ಲಿ ಯಾರಿಗಾದರೂ ಹೊಳೆದರೆ ಇದೇ ಅಂಕಣಕ್ಕೆ ಬರೆಯಲಿ.

– ಓದುಗರಿಬ್ಬರು, ಕುಂಜಿಬೆಟ್ಟು, ಉಡುಪಿ